ಬಾಲಕನು ಕೇಳಿದ ಕಾರಣ

ವಿಜ್ಞಾನದ ಅಧ್ಯಾಪಕರು ರಜೆಯಲ್ಲಿದ್ದುದರಿಂದ ಅಂದು ಏಳನೆಯ ತರಗತಿಗೆ ನಾನೇ ಹೋಗಿದ್ದೆ. ಬಾಲಕನೊಬ್ಬ ಎದ್ದು ನಿಂತು ಕೇಳಿದ: “ಮಾಷ್ಟ್ರೇ, ಅಪ್ಪ ರಾತ್ರಿ ಕುಡಿದು ಬಂದರೆ ಹಾಡುತ್ತಾರೆ, ನಗುತ್ತಾರೆ. ಬೆಳಿಗ್ಗೆ ಅಮಲು ಇಳಿದ ಮೇಲೆ ಯಾಕೆ ತಲೆ ಹಿಡಿದುಕೊಂಡು ನಮಗೆ ಬೈಯುತ್ತಾರೆ?” ತರಗತಿಯೇ ನಕ್ಕಿತು. ಭಾಷೆ, ಚರಿತ್ರೆ ಓದಿದ ನನಗೆ ಉತ್ತರ ತಿಳಿದಿರಲಿಲ್ಲ. ಮದ್ಯವನ್ನು ತಯಾರಿಸಬಾರದು, ಮಾರಬಾರದು, ಕುಡಿಯಬಾರದು ಎಂದು ಶ್ರೀ ನಾರಾಯಣ ಗುರುಗಳು ಸಾರಿದ್ದನ್ನು ನೆನಪಿಸಿ ಹತ್ತು ನಿಮಿಷ ಉಪದೇಶ ಮಾಡಿದೆ. ಬಾಲಕ ತಲೆ ತಗ್ಗಿಸಿ ಕುಳಿತ.

ನಿವೃತ್ತಿಯ ಬಳಿಕ ಓದಿ ತಿಳಿದುದನ್ನು ಇಲ್ಲಿ ಅರಿಕೆ ಮಾಡುತ್ತೇನೆ. ತೆಂಗಿನ ಕಳ್ಳಾಗಲಿ, ಬಾಟಲಿಯ ಬ್ರಾಂದಿಯಾಗಲಿ, ಅಮಲೇರಿಸುವ ವಸ್ತು ಎಥೆನಾಲ್ ಒಂದೇ. ಯಕೃತ್ತು ಅದನ್ನು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗಿಯೂ ಅನಂತರ ನಿರುಪದ್ರವಿಯಾದ ಅಸಿಟೇಟ್ ಆಗಿಯೂ ಮಾರ್ಪಡಿಸುತ್ತದೆ. ಈ ಕಾರ್ಯದ ವೇಗ ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮಾತ್ರ. ಕಾಫಿಯಾಗಲಿ, ತಣ್ಣೀರಿನ ಸ್ನಾನವಾಗಲಿ ಅದನ್ನು ಅವಸರಪಡಿಸಲಾರದು. ದೇಹದಲ್ಲಿ ನೀರನ್ನು ಉಳಿಸಿಕೊಳ್ಳುವಂತೆ ಮೂತ್ರಪಿಂಡಗಳಿಗೆ ಸೂಚಿಸುವ ವ್ಯಾಸೋಪ್ರೆಸಿನ್ ಎಂಬ ಹಾರ್ಮೋನು ಸ್ರವಿಸದಂತೆ ಮದ್ಯವು ತಡೆಯುತ್ತದೆ; ಬಾಯಾರಿಕೆಗೆ ಅದು ಕಾರಣ. ಜಠರದ ಒಳಪದರ ಉರಿಗೊಂಡು ಓಕರಿಕೆ ಬರುತ್ತದೆ. ಬೇಗನೆ ಹತ್ತಿದ ನಿದ್ದೆ ನಡುರಾತ್ರಿಯ ಬಳಿಕ ತುಂಡುತುಂಡಾಗುತ್ತದೆ. ಅಮಲಿನಲ್ಲಿ ಮಂಕಾಗಿದ್ದ ನರಮಂಡಲವು ಅಮಲಿಳಿದಾಗ ಅತಿಯಾಗಿ ಕೆರಳಿ, ಬೆಳಕನ್ನೂ ಸದ್ದನ್ನೂ ಸಹಿಸದಾಗುತ್ತದೆ. ಆದುದರಿಂದ ರಕ್ತದಲ್ಲಿ ಮದ್ಯಸಾರವು ಶೂನ್ಯದ ಸಮೀಪಕ್ಕೆ ಇಳಿಯುವ ಹೊತ್ತಿಗೇ ಸಂಕಟವು ತುದಿಗೇರುತ್ತದೆ. ಬೆಳಿಗ್ಗೆ ಮತ್ತೊಂದು ಲೋಟ ಕುಡಿದರೆ ಸಂಕಟ ತುಸು ಮುಂದಕ್ಕೆ ಹೋದೀತು; ಚಟ ಮಾತ್ರ ಗಟ್ಟಿಯಾಗುತ್ತದೆ. ನಮ್ಮ ಪ್ರಾಚೀನರಿಗೂ ಈ ಅವಸ್ಥೆ ಅಪರಿಚಿತವಾಗಿರಲಿಲ್ಲ. ಸುಶ್ರುತ ಸಂಹಿತೆಯು ‘ಪರಮದ’ವೆಂದು ಹೆಸರಿಸಿ ಮೈಭಾರ, ಬಾಯಾರಿಕೆ, ತಲೆನೋವುಗಳನ್ನು ಅದರ ಲಕ್ಷಣಗಳಾಗಿ ಹೇಳಿದೆ.

ಕೆಲವು ವರ್ಷಗಳ ಹಿಂದೆ ವಿದ್ಯಾನಗರದ ಸರಕಾರಿ ಕಾಲೇಜಿನ ಎದುರು ಆ ಶಿಷ್ಯ ಅಕಸ್ಮಾತ್ ಸಿಕ್ಕಿದ. ಮಗಳನ್ನು ಕಾಲೇಜಿಗೆ ಸೇರಿಸಲು ಬಂದಿದ್ದನಂತೆ. ನಾನೇ ಹಳೆಯ ಪ್ರಶ್ನೆಯನ್ನು ನೆನಪಿಸಿದಾಗ ಅವನು ಮೆಲ್ಲನೆ ಹೇಳಿದ: “ನಾನು ಬೆಳಿಗ್ಗೆ ಗಟ್ಟಿಯಾಗಿ ಪದ್ಯ ಓದುವುದರಿಂದಲೇ ಅಪ್ಪನಿಗೆ ತಲೆನೋವು ಬರುತ್ತದೆ ಎಂದು ತಿಳಿದಿದ್ದೆ, ಮಾಷ್ಟ್ರೇ. ಆಮೇಲೆ ಗಟ್ಟಿಯಾಗಿ ಓದುವುದನ್ನೇ ಬಿಟ್ಟೆ.”

ತಲೆನೋವು ನಿನ್ನ ಪದ್ಯದಿಂದ ಬಂದದ್ದಲ್ಲ, ರಾತ್ರಿಯ ಮದ್ಯದಿಂದ ಬಂದದ್ದು ಎಂಬ ಒಂದು ಮಾತನ್ನು ಅಂದು ನಾನು ಹೇಳಬೇಕಾಗಿತ್ತು. ನಮ್ಮ ಮನೆಗಳ ಮಕ್ಕಳು ಇಂತಹ ಪ್ರಶ್ನೆ ಕೇಳಿದರೆ ಹಿರಿಯರು ಮೊದಲು ಕಾರಣವನ್ನು ತಿಳಿಸಲಿ. ಬುದ್ಧಿವಾದ ಆಮೇಲೆ ಇರಲಿ.