ಈದಿಯ ಹಣ ಕಲಿಸುವ ಪಾಠ

ಹಬ್ಬದ ದಿನ ಮಕ್ಕಳ ಕೈಗೆ ಬರುವ ಈದಿಯ ನೋಟುಗಳು ಹೆಚ್ಚಿನ ಮನೆಗಳಲ್ಲಿ ಎರಡರಲ್ಲೊಂದು ದಾರಿ ಹಿಡಿಯುತ್ತವೆ. ಒಂದೋ ಸಂಜೆಯೊಳಗೆ ಅಂಗಡಿ ಸೇರುತ್ತವೆ. ಇಲ್ಲವೇ ಜೋಪಾನವಾಗಿಡುತ್ತೇವೆಂಬ ಹಿರಿಯರ ಮಾತಿನೊಂದಿಗೆ ಕಪಾಟು ಸೇರಿ ಮರಳಿ ಬಾರದಾಗುತ್ತವೆ. ಮೊದಲನೆಯದರಿಂದ ಮಗು ದುಂದುವೆಚ್ಚವನ್ನು ಕಲಿಯುತ್ತದೆ. ಎರಡನೆಯದರಿಂದ, ಕೊಟ್ಟ ಮಾತಿಗೆ ಬೆಲೆಯಿಲ್ಲವೆಂಬುದನ್ನು.

ಉಡುಗೊರೆಯಾಗಿ ಬಂದ ಹಣ ಮಗುವಿನದೇ. ಹೆತ್ತವರು ಅದರ ಕಾವಲುಗಾರರು. ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 6ನೇ ಸೂಕ್ತವು, ಅನಾಥರು ಪ್ರಾಯಕ್ಕೆ ಬರುವ ತನಕ ಅವರನ್ನು ಪರೀಕ್ಷಿಸುತ್ತಿರಬೇಕೆಂದೂ ವಿವೇಕ ಕಂಡಾಗ ಅವರ ಸೊತ್ತನ್ನು ಒಪ್ಪಿಸಬೇಕೆಂದೂ ಆದೇಶಿಸುತ್ತದೆ. ಕೈಗೆ ಏನನ್ನೂ ಕೊಡದೆ ಪರೀಕ್ಷಿಸುವುದಾದರೂ ಹೇಗೆ? ನಮ್ಮ ಮಕ್ಕಳಿಗೂ ಈ ತರಬೇತಿ ಬೇಕು. ಅದಕ್ಕೆ ಉಡುಗೊರೆ ಕೊಡಿಸುವುದಕ್ಕಿಂತ ಉತ್ತಮ ಸಾಧನ ನಮಗೆ ಕಂಡಿಲ್ಲ.

ನಮ್ಮ ಮದ್ರಸದ ಹತ್ತು ವರ್ಷದ ವಿದ್ಯಾರ್ಥಿನಿಯೊಬ್ಬಳಿಗೆ ಒಂದು ಈದ್‌ನಲ್ಲಿ 230 ರೂಪಾಯಿ ಬಂದಿತ್ತು. ಅಜ್ಜಿಗೆ ಏನಾದರೂ ಕೊಡಬೇಕೆಂಬುದು ಆಕೆಯ ಆಸೆ. ಬೆಳಗಿನ ಮಾತ್ರೆಯನ್ನು ಅಜ್ಜಿ ರಾತ್ರಿ ನುಂಗುವುದನ್ನು ಗಮನಿಸಿದ್ದ ಆಕೆ, ಬೇರೆಬೇರೆ ಗೂಡುಗಳಿರುವ ಡಬ್ಬಿಯನ್ನು ಹುಡುಕಿದಳು. ಒಂದು ಅಂಗಡಿಯಲ್ಲಿ 120 ರೂಪಾಯಿ, ಇನ್ನೊಂದರಲ್ಲಿ 90. ಕಡಿಮೆಯದನ್ನೇ ಕೊಂಡಳು. ಮರುದಿನ ತರಗತಿಯಲ್ಲಿ ಕೇಳಿದಳು: “ಉಸ್ತಾದ್, 90 ರೂಪಾಯಿ ಸಿಗಲು ಅಬ್ಬ ಎಷ್ಟು ಬಾಡಿಗೆ ಓಡಿಸಬೇಕು?” ಆಕೆಯ ತಂದೆ ಆಟೋ ಚಾಲಕರು. ತನಗಾಗಿ ಮಿಠಾಯಿ ಕೊಳ್ಳುವಾಗ ಮಗುವಿನಲ್ಲಿ ಏಳದ ಪ್ರಶ್ನೆ, ಇನ್ನೊಬ್ಬರಿಗಾಗಿ ಕೊಳ್ಳುವಾಗ ಎದ್ದಿತು.

ಆದರೆ ಬೆಲೆಯೇ ಉಡುಗೊರೆಯ ಅಳತೆಯಲ್ಲ. ಪರಸ್ಪರ ಉಡುಗೊರೆ ಕೊಡಿ, ಪ್ರೀತಿ ಬೆಳೆಯುವುದೆಂದು ಕಲಿಸಿದ ಪ್ರವಾದಿ ಮುಹಮ್ಮದ್(ಸ), ನೆರೆಯಾಕೆ ಕೊಟ್ಟದ್ದು ಆಡಿನ ಗೊರಸಾದರೂ ಅದನ್ನು ಕೀಳಾಗಿ ಕಾಣಬಾರದೆಂದು ಸ್ತ್ರೀಯರಿಗೆ ಉಪದೇಶಿಸಿದರು. ನಮ್ಮ ಮನೆಗಳಲ್ಲಿಯೋ, ಯಾರು 500 ಕೊಟ್ಟರು, ಯಾರು 20ಕ್ಕೆ ಮುಗಿಸಿದರು ಎಂಬ ಲೆಕ್ಕ ಮಕ್ಕಳ ಎದುರಿನಲ್ಲೇ ನಡೆಯುತ್ತದೆ. ಬಡ ಚಿಕ್ಕಪ್ಪನ 20 ರೂಪಾಯಿಯನ್ನು ಹಗುರವಾಗಿ ಕಾಣಲು ಮಗು ಕಲಿಯುವುದು ನಮ್ಮಿಂದಲೇ. ತಾರತಮ್ಯವೂ ಹಾಗೆಯೇ. ಒಬ್ಬ ಮಗನಿಗೆ ಮಾತ್ರ ಕೊಡುಗೆ ನೀಡಿ ಸಾಕ್ಷಿಯಾಗಲು ಕೋರಿದ ನುಅ್‌ಮಾನ್ ಬಿನ್ ಬಶೀರ್(ರ)ರ ತಂದೆಯನ್ನು ಪ್ರವಾದಿ(ಸ) ಕೇಳಿದ್ದು, ಉಳಿದ ಮಕ್ಕಳಿಗೂ ಹೀಗೆಯೇ ಕೊಟ್ಟಿರುವೆಯಾ ಎಂದು. ಇಲ್ಲವೆಂದಾಗ ಅವರು ಸಾಕ್ಷಿಯಾಗಲಿಲ್ಲ.

ಆದ್ದರಿಂದ ಮುಂದಿನ ಈದ್‌ನಲ್ಲಿ ಹಣವನ್ನು ಮಗುವೇ ಎಣಿಸಲಿ. ಸ್ವಂತಕ್ಕೆ ಒಂದು ಪಾಲು, ಸದಕಾಕ್ಕೆ ಒಂದು ಪಾಲು, ಪ್ರೀತಿಪಾತ್ರರ ಉಡುಗೊರೆಗೆ ಒಂದು ಪಾಲು. ಯಾರಿಗೆ, ಏನು ಎಂಬುದನ್ನು ಅದೇ ನಿರ್ಧರಿಸಲಿ. ಕಡಿಮೆ ಬಿದ್ದರೆ ನಮ್ಮ ಜೇಬಿನಿಂದ ತುಂಬಿಸುವುದು ಬೇಡ. ಉಳಿದುದನ್ನು ನಾವು ಇಟ್ಟುಕೊಂಡರೆ, ಕೇಳಿದ ದಿನ ಲೆಕ್ಕ ಸಹಿತ ಹಿಂದಿರುಗಿಸೋಣ. ಅಲ್‌ಇಸ್ರಾ ಅಧ್ಯಾಯದ 29ನೇ ಸೂಕ್ತ ಬೋಧಿಸುವಂತೆ, ಕೈಯನ್ನು ಪೂರ್ತಿ ಬಿಗಿಹಿಡಿಯದ, ಪೂರ್ತಿ ಚಾಚಿಯೂ ಬಿಡದ ನಡುದಾರಿ ಎಳವೆಯಲ್ಲೇ ರೂಢಿಯಾಗಬೇಕು.

ಅಲ್ಲಾಹನು ನಮ್ಮ ಮಕ್ಕಳಿಗೆ ಗಳಿಕೆಯಲ್ಲಿ ಪರಿಶುದ್ಧಿಯನ್ನೂ ಕೊಡುವುದರಲ್ಲಿ ಔದಾರ್ಯವನ್ನೂ ಅನುಗ್ರಹಿಸಲಿ, ಆಮೀನ್.