ರೋಹಿಣಿಯ ದಿಕ್ಕಿನ ರಣರಂಗ

ಗಾಯಗೊಂಡು ಮಲಗಿದ ಯೋಧನೊಬ್ಬನನ್ನು ಎಬ್ಬಿಸಿ, ಲೋಕಾಂತರದಿಂದ ಬಂದಿಳಿದ ಯಂತ್ರಮಾನವರೊಡನೆ ಭೂಮಿಯ ಪರವಾಗಿ ಕಾದಲು ಕಳುಹಿಸುವ ಕಥೆಗಳು ಬಾಲಕರ ಕೈಯಲ್ಲಿ ಹೇರಳವಾಗಿ ಕಾಣಸಿಗುತ್ತವೆ. ಹಿರಿಯರು ಇವನ್ನು ಕಂಡು ಹುಬ್ಬು ಗಂಟಿಕ್ಕುವುದುಂಟು. ಆದರೆ ಈ ಜಾತಿಯ ಕೃತಿಗಳೆಲ್ಲವೂ ಕಾಲಹರಣದ ಸರಕಲ್ಲ. ಅವುಗಳಲ್ಲಿ ಒಂದನ್ನು, ರಣರಂಗದಲ್ಲಿ ನಿಜವಾಗಿಯೇ ಗಾಯಗೊಂಡ ಯೋಧರೊಬ್ಬರು ಬರೆದಿದ್ದಾರೆ.

ಮೊದಲು ಪದವಿಚಾರ. ‘ರೋಬಾಟ್’ ಎಂಬ ಶಬ್ದವು ಇಂಗ್ಲಿಷಿನದೆಂದು ಹಲವರು ಭಾವಿಸುತ್ತಾರೆ. ಅದು ಚೆಕ್ ಭಾಷೆಯದು. ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ನಾಟಕದಲ್ಲಿ ಅದು ಮೊದಲು ಕಾಣಿಸಿಕೊಂಡಿತು. ಶಬ್ದವನ್ನು ಸೂಚಿಸಿದವರು ಅವರ ಅಣ್ಣ, ಚಿತ್ರಕಾರ ಯೋಸೆಫ್ ಚಾಪೆಕ್. ‘ರೋಬೊಟಾ’ ಎಂದರೆ ಒಡೆಯನ ಹೊಲದಲ್ಲಿ ಒಕ್ಕಲು ಸಂಬಳವಿಲ್ಲದೆ ದುಡಿಯಬೇಕಾದ ಕಡ್ಡಾಯದ ದುಡಿಮೆ. ಕನ್ನಡದಲ್ಲಿ ಇದಕ್ಕೆ ‘ಬಿಟ್ಟಿ’ ಎಂಬ ಶಬ್ದವೇ ಇದೆ. ಯಂತ್ರಮಾನವ ಎಂಬುದಕ್ಕಿಂತ ಬಿಟ್ಟಿಯಾಳು ಎಂಬುದೇ ಮೂಲಾರ್ಥಕ್ಕೆ ಹತ್ತಿರವಾದುದು. ಮನವೊಪ್ಪಿ ಮಾಡುವ ಕಾಯಕಕ್ಕೂ ಬೆದರಿಸಿ ಮಾಡಿಸುವ ಬಿಟ್ಟಿಗೂ ಇರುವ ಅಂತರವನ್ನು ಶರಣರ ನಾಡಿನವರಿಗೆ ವಿವರಿಸಬೇಕಾಗಿಲ್ಲ.

ಇನ್ನು ಆ ಯೋಧರ ಸಂಗತಿ. ಜೋ ಹಾಲ್ಡೆಮನ್ ಅಮೆರಿಕದವರು, 1943ರಲ್ಲಿ ಜನಿಸಿದವರು. 1967ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಿಂದ ಭೌತವಿಜ್ಞಾನ ಹಾಗೂ ಖಗೋಳವಿಜ್ಞಾನಗಳಲ್ಲಿ ಪದವಿ ಪಡೆದರು. ಅದೇ ವರ್ಷ ಕಡ್ಡಾಯ ಭರ್ತಿಯ ಕಾನೂನು ಅವರನ್ನು ಸೈನ್ಯಕ್ಕೆ ಎಳೆದುಕೊಂಡಿತು. ನಕ್ಷತ್ರಗಳನ್ನು ಕುರಿತು ಓದಿದ್ದ ತರುಣ ವಿಯೆಟ್ನಾಮಿನ ಕಾಡುಗಳಲ್ಲಿ ಸಿಡಿಮದ್ದುಗಳ ನಡುವೆ ದುಡಿಯಬೇಕಾಯಿತು. 1968ರಲ್ಲಿ ತೀವ್ರವಾಗಿ ಗಾಯಗೊಂಡು, ಗಾಯಾಳು ಯೋಧರಿಗೆ ಕೊಡುವ ‘ಪರ್ಪಲ್ ಹಾರ್ಟ್’ ಪದಕವನ್ನು ಪಡೆದು ಮರಳಿದರು.

1974ರಲ್ಲಿ ಹೊರಬಂದ ಅವರ ‘ದಿ ಫಾರೆವರ್ ವಾರ್’ ಕಾದಂಬರಿಯನ್ನು ಅದಕ್ಕೆ ಮುನ್ನ ಹದಿನೆಂಟು ಪ್ರಕಾಶಕರು ತಿರಸ್ಕರಿಸಿದ್ದರು. ವಿಯೆಟ್ನಾಮಿನ ನೆನಪು ಯಾರಿಗೂ ಬೇಡವಾಗಿತ್ತು. ಮುಂದೆ ಅದೇ ಕೃತಿಗೆ ಆ ಪ್ರಕಾರದ ಹಿರಿಯ ಪ್ರಶಸ್ತಿಗಳಾದ ಹ್ಯೂಗೊ, ನೆಬ್ಯುಲಾಗಳೆರಡೂ ಸಂದವು. ಪ್ರಕಾಶಕರ ತಕ್ಕಡಿ ಎಲ್ಲ ದೇಶಗಳಲ್ಲಿಯೂ ಒಂದೇ ಎಂದು ತೋರುತ್ತದೆ.

ಕಥಾನಾಯಕ ಮ್ಯಾಂಡೆಲ್ಲ ಭೌತವಿಜ್ಞಾನದ ವಿದ್ಯಾರ್ಥಿ. ಕುಶಾಗ್ರಮತಿಗಳಾದ ಐವತ್ತು ಗಂಡಸರನ್ನೂ ಐವತ್ತು ಹೆಂಗಸರನ್ನೂ ಆರಿಸಿ ಸರ್ಕಾರವು ಅನ್ಯಲೋಕದವರ ಮೇಲೆ ಕಾದಲು ಕಳುಹಿಸುತ್ತದೆ. ವೈರಿಗಳಿಗೆ ‘ಟಾರನ್’ರೆಂದು ಹೆಸರು. ಅವರೊಡನೆ ಮೊದಲ ಘರ್ಷಣೆ ಅಲ್ಡೆಬರಾನ್ ಎಂಬ ತಾರೆಯ ದಿಕ್ಕಿನಲ್ಲಿ ನಡೆಯಿತೆಂಬುದೇ ಆ ಹೆಸರಿಗೆ ಕಾರಣ. ಆ ತಾರೆಯಿರುವುದು ವೃಷಭರಾಶಿಯಲ್ಲಿ. ಪಂಚಾಂಗ ಬಲ್ಲವರು ಅದನ್ನು ರೋಹಿಣಿ ಎನ್ನುತ್ತಾರೆ.

ಮೊದಲ ಕಾಳಗದ ವರ್ಣನೆಯೇ ಗ್ರಂಥದ ಮರ್ಮ. ಎದುರಿನ ಜೀವಿಗಳಿಗೆ ಕೈಕಾಲು ಕಾಳಗ ಎಂತಹುದೆಂದೇ ತಿಳಿಯದು. ಅವು ದಿಕ್ಕುಗೆಟ್ಟು ಓಡಾಡುತ್ತವೆ. ಆದರೆ ಯೋಧರ ಚಿತ್ತದಲ್ಲಿ ಸಂಮೋಹನವಿದ್ಯೆಯಿಂದ ದ್ವೇಷವನ್ನು ಮೊದಲೇ ಬಿತ್ತಿಡಲಾಗಿದೆ. ಸಂಕೇತವಾಕ್ಯ ಕಿವಿಗೆ ಬಿದ್ದೊಡನೆ ಅವರು ಕಂಡಕಂಡುದನ್ನೆಲ್ಲ ಕೊಚ್ಚುತ್ತಾರೆ. ಎಚ್ಚರಗೊಂಡ ಮ್ಯಾಂಡೆಲ್ಲನಿಗೆ, ಆ ದ್ವೇಷವನ್ನು ಹೊರಗಿನವರು ತುಂಬಿದರೆಂದು ಬಲ್ಲನಾದರೂ, ಕೈಗೆ ಮೆತ್ತಿದ ರಕ್ತ ತನ್ನದಲ್ಲವೆನ್ನಲು ಆಗುವುದಿಲ್ಲ. ಇಲ್ಲಿ ಯಂತ್ರಮಾನವರು ಯಾರು? ವೈರಿಗಳಂತೂ ಅಲ್ಲ. ಬಲವರ್ಧಕ ಕವಚ ತೊಟ್ಟ ಇದೇ ಬಗೆಯ ಯೋಧರನ್ನು ರಾಬರ್ಟ್ ಹೈನ್‌ಲೈನ್ 1959ರಲ್ಲಿಯೇ ಚಿತ್ರಿಸಿದ್ದರು. ಅವರೂ ನೌಕಾದಳದಲ್ಲಿದ್ದವರೇ, ಆದರೆ ಕ್ಷಯರೋಗದಿಂದಾಗಿ 1934ರಲ್ಲಿ ಬಿಡುಗಡೆ ಹೊಂದಿದ್ದರು, ಯುದ್ಧ ಕಂಡವರಲ್ಲ. ಆ ಕೃತಿಯಲ್ಲಿ ಕವಚಕ್ಕೆ ಹೊಳಪಿದೆ. ಹಾಲ್ಡೆಮನ್ನರ ಕೃತಿಯಲ್ಲಿ ಕವಚದೊಳಗಿನ ಬೆವರೂ ಭಯವೂ ಇವೆ.

ಬೆಳಕಿನ ವೇಗಕ್ಕೆ ಸಮೀಪವಾಗಿ ಸಾಗುವವನಿಗೆ ಕಾಲವು ನಿಧಾನವಾಗುತ್ತದೆಂಬುದು ಐನ್‌ಸ್ಟೈನ್ 1905ರಲ್ಲಿ ತೋರಿಸಿಕೊಟ್ಟ ತತ್ತ್ವ. ಮ್ಯಾಂಡೆಲ್ಲನಿಗೆ ಕೆಲವು ತಿಂಗಳುಗಳು ಕಳೆಯುವಷ್ಟರಲ್ಲಿ ಭೂಮಿಯಲ್ಲಿ ವರ್ಷಗಳು ಸರಿಯುತ್ತವೆ, ಮುಂದೆ ಶತಮಾನಗಳೇ. ಭಾಗವತ ಬಲ್ಲವರಿಗೆ ಕಕುದ್ಮಿರಾಜನ ನೆನಪಾಗದಿರದು. ಮಗಳು ರೇವತಿಗೆ ವರನಾರೆಂದು ಕೇಳಲು ಬ್ರಹ್ಮಲೋಕಕ್ಕೆ ಹೋದವನು, ಗಾನ ಮುಗಿಯುವವರೆಗೆ ಕಾದು ಕೇಳಿದಾಗ, ಭೂಮಿಯಲ್ಲಿ ಇಪ್ಪತ್ತೇಳು ಚತುರ್ಯುಗಗಳು ಕಳೆದಿದ್ದುವು. ಹಾಗೆಂದು ಎಲ್ಲ ವಿಜ್ಞಾನವೂ ಪುರಾಣದಲ್ಲಿದೆಯೆಂದು ಬೀಗುವುದು ಪಾಂಡಿತ್ಯವಲ್ಲ. ಪುರಾಣಕಾರನು ಗಣಿತ ಹೇಳಲು ಹೊರಟವನಲ್ಲ. ಆದರೆ ಮರಳಿ ಬಂದವನಿಗೆ ತನ್ನವರೆಂಬವರು ಯಾರೂ ಉಳಿದಿಲ್ಲವೆಂಬ ತಬ್ಬಲಿತನವನ್ನು ಅವನೂ ಬಲ್ಲವನಾಗಿದ್ದ.

ಹಾಲ್ಡೆಮನ್ನರಿಗೆ ಆ ತಬ್ಬಲಿತನವು ಗ್ರಂಥದಿಂದ ಬಂದುದಲ್ಲ. ಮ್ಯಾಂಡೆಲ್ಲನೂ ಅವನ ಒಡನಾಡಿ ಮೇರಿಗೇಯೂ ಊರಿಗೆ ಮರಳಿ, ಅಲ್ಲಿ ಬಾಳಲಾರದೆ, ದ್ವೇಷಿಸುತ್ತಿದ್ದ ಸೈನ್ಯಕ್ಕೇ ಮತ್ತೆ ಸೇರುತ್ತಾರೆ. ಈ ಭಾಗವು ತೀರ ಕಳೆಗುಂದಿಸುವಂತಹುದೆಂದು, ಧಾರಾವಾಹಿಯಾಗಿ ಅಚ್ಚುಮಾಡಿದ ಪತ್ರಿಕೆಯ ಸಂಪಾದಕರು ಅದನ್ನು ಬದಲಿಸಿಸಿದ್ದರು. 1990ರ ದಶಕದಲ್ಲಷ್ಟೇ ಅದು ಗ್ರಂಥದಲ್ಲಿ ಸ್ವಸ್ಥಾನ ಸೇರಿತು. ಮುಂದಿನ ಕಾಳಗದಲ್ಲಿ ಅವನು ಕಾಲನ್ನೂ ಅವಳು ತೋಳನ್ನೂ ಕಳೆದುಕೊಳ್ಳುತ್ತಾರೆ. ಅಂಗಗಳು ಮತ್ತೆ ಮೊಳೆಯುವಂತೆ ಮಾಡುವ ವೈದ್ಯ ಆಗಿನ ಕಾಲಕ್ಕಿದೆ. ಅಂಗ ಮೊಳೆತ ಕೂಡಲೆ ಇಬ್ಬರನ್ನೂ ಬೇರೆಬೇರೆ ರಣರಂಗಗಳಿಗೆ ಅಟ್ಟುತ್ತಾರೆ. ಗಾಯ ಮಾಯುವುದೂ ಶಾಪವಾಗುವುದು ಇಲ್ಲಿಯೇ.

ಯುದ್ಧವು ಸಾವಿರಕ್ಕೂ ಹೆಚ್ಚು ವರ್ಷ ನಡೆದು ಮುಗಿಯುತ್ತದೆ. ಜಯದಿಂದಲ್ಲ. ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಹುಟ್ಟಿದ ಕದನವದು. ಮಾತು ತಿಳಿದ ದಿನ ನಿಂತಿತು. ಭಾಷೆಯನ್ನೇ ಉಪಜೀವಿಸುವವರು ಈ ಪುಟವನ್ನು ಎರಡು ಸಲ ಓದಬೇಕು.

ಕೊನೆಗೆ ಮರಳಿದ ಮ್ಯಾಂಡೆಲ್ಲನಿಗೆ ಒಂದು ಪತ್ರ ಕಾದಿರುತ್ತದೆ. ಬರೆದು ಇನ್ನೂರು ವರ್ಷಗಳ ಮೇಲಾಗಿದೆ. ಮೇರಿಗೇ ಒಂದು ನೌಕೆಯಲ್ಲಿ ಕುಳಿತು, ಅತಿವೇಗದಿಂದ ಹೋಗುತ್ತ ಬರುತ್ತ ಇದ್ದಾಳೆ. ಹೊರಗೆ ಹತ್ತು ವರ್ಷ ಕಳೆದರೆ ಅವಳಿಗೆ ಸುಮಾರು ಒಂದು ತಿಂಗಳಷ್ಟೇ ವಯಸ್ಸಾಗುತ್ತದೆ. ಅವನು ಬರುವವರೆಗೆ ಮುದುಕಿಯಾಗದಿರಲು ಅವಳು ಕಂಡುಕೊಂಡ ಉಪಾಯವದು. 1965ರಲ್ಲಿ, ಯುದ್ಧಕ್ಕೆ ಹೋಗುವ ಮೊದಲು, ಹಾಲ್ಡೆಮನ್ ಮದುವೆಯಾದ ಹೆಣ್ಣುಮಗಳ ತವರಿನ ಹೆಸರು ಮೇರಿ ಗೇ ಪಾಟರ್. ಕಾದಂಬರಿಯ ನಾಯಿಕೆಗೂ ಅದೇ ಹೆಸರು.