ತಂತ್ರಾಂಶದ ಸ್ಥಳಾಂತರ

ಒಂದು ಕಾರ್ಯಾಚರಣ ವ್ಯವಸ್ಥೆಯಲ್ಲಿ ಸುಖವಾಗಿ ನಡೆಯುತ್ತಿದ್ದ ತಂತ್ರಾಂಶವು ಮತ್ತೊಂದಕ್ಕೆ ಒಯ್ದೊಡನೆ ಮೊಂಡು ಹಿಡಿಯುವುದು ವಾಚಕರಲ್ಲಿ ಕೆಲವರಿಗೆ ಅನುಭವಸಿದ್ಧವಾಗಿರಬಹುದು. ಮನುಷ್ಯರು ಬರೆದ ಮೂಲಪಾಠವನ್ನು ಯಂತ್ರವು ನಡೆಸಬಲ್ಲ ರೂಪಕ್ಕೆ ತರುವ ಕಾರ್ಯಕ್ಕೆ ಬಿಲ್ಡ್ ಎಂದು ಹೆಸರು. ಅದು ನಡುವೆ ನಿಂತು, ತೆರೆಯ ಮೇಲೆ ನೂರಾರು ದೋಷಗಳ ಪಟ್ಟಿಯು ಸುರಿದಾಗ ಎದೆಗುಂದುವವರೇ ಹೆಚ್ಚು.

ನಮ್ಮಲ್ಲಿ ಪದ್ಯಗಳ ಗುರುಲಘುಗಳನ್ನೆಣಿಸಿ ಛಂದಸ್ಸನ್ನು ತಿಳಿಸುವ ಚಿಕ್ಕ ತಂತ್ರಾಂಶವೊಂದುಂಟು. ಶಿಷ್ಯನೊಬ್ಬನು ಅದನ್ನು ವಿಂಡೋಸಿಗಾಗಿ ಸಿ ಭಾಷೆಯಲ್ಲಿ ರಚಿಸಿಕೊಟ್ಟನು. ಹಲವು ವರ್ಷಗಳಿಂದ ನಾವು ಆರಿಸಿ ಕೂಡಿಸಿದ ಪದ್ಯಗಳೆಲ್ಲವೂ ಅದರ ಕಡತದಲ್ಲಿಯೇ ಇದ್ದುವು. ಹಳೆಯ ಯಂತ್ರವು ಶಿಥಿಲವಾಗಲು, ಎಲ್ಲವನ್ನೂ ಲಿನಕ್ಸಿಗೆ ಒಯ್ಯಬೇಕಾಯಿತು. ತಿದ್ದುವ ಕೆಲಸಕ್ಕೆ ನಮ್ಮ ಮಗಳು ಕುಳಿತಳು. ದೋಷಗಳನ್ನು ಓದುವ ಪಾಲು ನಮ್ಮದಾಯಿತು.

ಇಂತಹ ಪಟ್ಟಿಯಲ್ಲಿ ಮೊಟ್ಟಮೊದಲಿನ ದೋಷವನ್ನೇ ಹಿಡಿಯತಕ್ಕದ್ದು. ವ್ಯಾಕರಣದಲ್ಲಿ ಸಂಜ್ಞಾಸೂತ್ರವೊಂದು ಬಿಟ್ಟುಹೋದರೆ ಮುಂದಿನ ಸೂತ್ರಗಳು ಅರ್ಥಗೆಡುವುವಷ್ಟೆ. ಸಿ ಭಾಷೆಯ ಹೆಡರ್ ಕಡತವೂ ಅಂತಹುದೇ. ಅದು ಸಿಕ್ಕದಿದ್ದರೆ ಅದನ್ನು ನಂಬಿದ ಸಾಲುಗಳೆಲ್ಲವೂ ಅರ್ಥಗೆಡುತ್ತವೆ. ನಮ್ಮ ಹೆಡರ್ ಕಡತವು ಕಣ್ಣೆದುರಿಗೇ ಇದ್ದಿತು. ಆದರೂ ಕಂಪೈಲರು ಇಲ್ಲವೆಂದಿತು. ಕಾರಣವೇನೆಂದರೆ, ಕಡತದ ಹೆಸರು ಇಂಗ್ಲಿಷಿನ ದೊಡ್ಡಕ್ಷರದಿಂದಲೂ ಮೂಲಪಾಠದಲ್ಲಿನ ಉಲ್ಲೇಖವು ಚಿಕ್ಕಕ್ಷರದಿಂದಲೂ ಮೊದಲಾಗಿದ್ದುವು. ವಿಂಡೋಸ್ ಸಾಮಾನ್ಯವಾಗಿ ಇವೆರಡನ್ನೂ ಒಂದೆಂದೇ ಎಣಿಸುತ್ತದೆ. ಲಿನಕ್ಸ್ ಬೇರೆಯೆಂದು ಎಣಿಸುತ್ತದೆ. ನಮ್ಮ ಲಿಪಿಯಲ್ಲಿ ಈ ಭೇದವೇ ಇಲ್ಲದಿರುವುದರಿಂದ ಕನ್ನಡಿಗನಿಗೆ ಇದು ಬೇಗನೆ ಹೊಳೆಯದು. ಆ ಒಂದಕ್ಷರವನ್ನು ತಿದ್ದಲು, ಪಟ್ಟಿಯ ಬಹುಭಾಗವು ಮಾಯವಾಯಿತು. ಉಳಿದದ್ದು ಕೋನಿಯೋ ಎಂಬ ಹೆಡರು. ಡಾಸ್ ಕಾಲದಿಂದ ಬಂದ ಅದು ಲಿನಕ್ಸಿನಲ್ಲಿಲ್ಲ. ಕೀಲಿಯೊಂದನ್ನು ಒತ್ತುವವರೆಗೆ ಕಾಯುವುದಕ್ಕಷ್ಟೇ ಅದು ಬೇಕಾಗಿದ್ದುದರಿಂದ, ಸಿ ಭಾಷೆಯಲ್ಲಿ ಎಲ್ಲೆಡೆಯೂ ಇರುವ ಗೆಟ್‌ಚಾರ್ ಎಂಬುದೇ ಸಾಕಾಯಿತು.

ಬಿಲ್ಡ್ ಮುಗಿಯಿತು. ನಿಜವಾದ ಅಪಾಯವು ಇದ್ದುದು ಆಮೇಲೆಯೇ. ಪ್ರತಿಯೊಂದು ಪದ್ಯದ ಉದ್ದವನ್ನೂ ಕಡತದಲ್ಲಿ ಲಾಂಗ್ ಎಂಬ ಸಂಖ್ಯಾಪ್ರಕಾರದಿಂದ ಬರೆದಿದ್ದಿತು. 64 ಬಿಟ್ಟಿನ ವಿಂಡೋಸಿನಲ್ಲಿ ಅದಕ್ಕೆ 4 ಬೈಟು, 64 ಬಿಟ್ಟಿನ ಲಿನಕ್ಸಿನಲ್ಲಿ 8 ಬೈಟು. ಕಂಪೈಲರು ಒಂದು ಮಾತನ್ನೂ ಆಡಲಿಲ್ಲ. ಪದ್ಯಗಳು ಮಾತ್ರ ಮೊದಲನೆಯದರಿಂದಲೇ ಕಲಸಿಹೋದುವು. ಆ ಸ್ಥಿತಿಯಲ್ಲಿ ಉಳಿಸಿದ್ದರೆ ವರ್ಷಗಳ ಸಂಗ್ರಹವೆಲ್ಲ ಹಾಳಾಗುತ್ತಿದ್ದಿತು. ಮಗಳು ಕಡತದ ಪ್ರತಿಯ ಮೇಲೆಯೇ ಕೆಲಸ ಮಾಡುತ್ತಿದ್ದುದರಿಂದ ಮೂಲವು ಉಳಿಯಿತು. ಲಾಂಗಿನ ಬದಲಿಗೆ, 1999ರ ಸಿ ಪ್ರಮಾಣದಲ್ಲಿ ಸೇರಿದ, 32 ಬಿಟ್ಟೆಂಬ ಅಳತೆಯನ್ನು ಹೆಸರಿನಲ್ಲಿಯೇ ಹೊತ್ತ ಪ್ರಕಾರವನ್ನು ಬಳಸಲು, ಪದ್ಯಗಳು ಯಥಾಸ್ಥಾನಕ್ಕೆ ಬಂದುವು.

ದೋಷವನ್ನು ತೋರಿಸುವ ಸಾಲನ್ನು ಅಳಿಸಿ ಬಿಲ್ಡನ್ನು ಮುಗಿಸುವವರುಂಟು. ಅದು ಅರ್ಥವಾಗದ ಪದವನ್ನು ಬಿಟ್ಟು ಶ್ಲೋಕವನ್ನು ಓದಿದಂತೆ. ಬಿಲ್ಡ್ ಆಯಿತೆಂದರೆ ಅನ್ವಯವಾಯಿತೆಂದಷ್ಟೇ, ಅರ್ಥವು ಸರಿಯಾಯಿತೆಂದಲ್ಲ. ಫಲವು ಮೊದಲೇ ತಿಳಿದಿರುವ ನಾಲ್ಕು ಉದಾಹರಣೆಗಳನ್ನು ಹೊಸ ಯಂತ್ರದಲ್ಲಿ ನಡೆಸಿ ತಾಳೆ ನೋಡಿದ ಬಳಿಕವೇ ಹಳೆಯದನ್ನು ಬೀಳ್ಕೊಡುವುದು ಲೇಸು.